ಆರು ಗಾಲಿಯ ಕಪ್ಪೆಗೆ ಹೊಸ ಎಂಜಿನ್

ಉಭಯಚರ ಎಂದೊಡನೆ ನಮಗೆ ನೆನಪಾಗುವುದು ಕಪ್ಪೆ. ನೆಲದ ಮೇಲೂ ನೀರಿನಲ್ಲೂ ಸಲೀಸಾಗಿ ಓಡಾಡುವ ಜೀವಿ ಅದು. ಮನುಷ್ಯನೂ ಇಂಥದೇ ಸಾಮರ್ಥ್ಯವುಳ್ಳ ವಾಹನಗಳನ್ನು ತಯಾರಿಸಿದ್ದಾನೆ. ಅವುಗಳಲ್ಲಿ ಒಂದು ಸ್ವಾರಸ್ಯಕರ ಬಗೆಯೆಂದರೆ 1960ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕಗಳಲ್ಲಿ ಹುಟ್ಟಿದ ಆರು ಗಾಲಿಯ ಪುಟ್ಟ ಗಾಡಿಗಳು. ನೋಡಲು ಸ್ನಾನದ ತೊಟ್ಟಿಗೆ ಆರು ದಪ್ಪ ಟೈರುಗಳನ್ನು ಜೋಡಿಸಿದಂತೆ ಕಾಣುವ ಈ ಗಾಡಿಗಳು ಕೆಸರು, ಮರಳು, ಹಿಮ, ಕೆರೆ ಎಲ್ಲವನ್ನೂ ದಾಟಬಲ್ಲವು.

ಅರ್ಧ ಶತಮಾನ ದಾಟಿದ ಇಂಥ ಗಾಡಿಗಳನ್ನು ಹವ್ಯಾಸಿಗಳು ಈಗಲೂ ಜೋಪಾನವಾಗಿ ಉಳಿಸಿಕೊಂಡಿದ್ದಾರೆ. ಗಾಡಿಯ ತೊಟ್ಟಿ ಗಟ್ಟಿಯಾಗಿದೆ, ಚೈನುಗಳು ಹೊಸದಾಗಿ ಸಿಗುತ್ತವೆ. ಆದರೆ ಮೂಲ ಎಂಜಿನ್ ಸವೆದುಹೋಗಿದೆ. ಅದನ್ನು ತಯಾರಿಸಿದ ಕಾರ್ಖಾನೆಯೇ ಇಲ್ಲ. ಆಗ ಉಳಿಯುವ ದಾರಿ ಒಂದೇ, ಬೇರೆ ಎಂಜಿನ್ ಕೂರಿಸುವುದು. "ಅಷ್ಟೇ ಅಶ್ವಶಕ್ತಿಯ ಹೊಸ ಎಂಜಿನ್ ತಂದು ಬೋಲ್ಟು ಬಿಗಿದರೆ ಆಯಿತಲ್ಲ, ಅದರಲ್ಲೇನು ಕಷ್ಟ?" ಎಂದು ನೀವು ಕೇಳಬಹುದು. ಹಾಗೆ ಮಾಡಿದರೆ ಗಾಡಿ ನೆಲದ ಮೇಲೆ ಮುಕ್ಕುತ್ತದೆ, ಕೆರೆಯ ನಡುವೆ ಕೈಕೊಡಲೂಬಹುದು. ಏಕೆ ಎಂದು ತಿಳಿಯಲು ಈ ಗಾಡಿಗಳು ಹುಟ್ಟಿದ ಬಗೆಯನ್ನು ಮೊದಲು ನೋಡೋಣ.

ಯುದ್ಧದ ಬಾತುಕೋಳಿ

ಉಭಯಚರ ವಾಹನಗಳು ದೊಡ್ಡ ಪ್ರಮಾಣದಲ್ಲಿ ತಯಾರಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಹಡಗಿನಿಂದ ಇಳಿಸಿದ ಸರಕನ್ನು ಬಂದರು ಇಲ್ಲದ ದಡಕ್ಕೆ ಸಾಗಿಸಲು ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1942ರಿಂದ ಒಂದು ತೇಲುವ ಲಾರಿಯನ್ನು ತಯಾರಿಸಿತು. ಅದರ ಸಂಕೇತನಾಮ ಡಿ-ಯು-ಕೆ-ಡಬ್ಲ್ಯು. ಸೈನಿಕರ ಬಾಯಲ್ಲಿ ಅದು 'ಡಕ್' ಅಂದರೆ ಬಾತುಕೋಳಿ ಆಯಿತು. ಆಗ ಸೈನ್ಯದಲ್ಲಿ ಬಳಕೆಯಲ್ಲಿದ್ದ ಆರು ಗಾಲಿಯ ಲಾರಿಯ ಎಂಜಿನ್, ಗಿಯರ್, ಆಕ್ಸಲ್‌ಗಳನ್ನೇ ತೆಗೆದುಕೊಂಡು ಸುತ್ತಲೂ ಉಕ್ಕಿನ ದೋಣಿಯನ್ನು ಕಟ್ಟಿದ್ದರು. ದೋಣಿಯ ಆಕಾರವನ್ನು ರೂಪಿಸಿದವರಲ್ಲಿ ಹಾಯಿದೋಣಿಗಳ ವಿನ್ಯಾಸದಲ್ಲಿ ಹೆಸರಾಗಿದ್ದ ರಾಡ್ ಸ್ಟೀಫನ್ಸ್ ಒಬ್ಬರು. 1945ರ ವೇಳೆಗೆ ಇಂಥ 21,000ಕ್ಕೂ ಹೆಚ್ಚು ಲಾರಿಗಳು ತಯಾರಾಗಿದ್ದವು. ರಸ್ತೆಯಲ್ಲಿ ಗಂಟೆಗೆ ಸುಮಾರು 80 ಕಿ.ಮೀ., ನೀರಿನಲ್ಲಿ ಸುಮಾರು 10 ಕಿ.ಮೀ. ಇವುಗಳ ವೇಗ.

ಈ ಲಾರಿ ಒಂದು ಮುಖ್ಯ ಪಾಠವನ್ನು ಕಲಿಸಿತು. ಉಭಯಚರ ವಾಹನವನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಮಾಡಬೇಕಿಲ್ಲ. ಮಾರುಕಟ್ಟೆಯಲ್ಲಿ ಇರುವ ಭಾಗಗಳನ್ನೇ ತೇಲುವ ಒಡಲೊಳಗೆ ಜೋಡಿಸಬಹುದು. ಇಪ್ಪತ್ತು ವರ್ಷಗಳ ನಂತರ ಬಂದ ಪುಟ್ಟ ಗಾಡಿಗಳೂ ಇದೇ ದಾರಿಯನ್ನು ಹಿಡಿದವು.

ಗಾಳಿ ತುಂಬಿದ ಚೀಲದಿಂದ ಟೈರಿಗೆ

ಪುಟ್ಟ ಗಾಡಿಗಳ ಜೀವಾಳ ಅವುಗಳ ಟೈರು. ಅದರ ಹಿಂದೆ ಒಂದು ಕಥೆಯಿದೆ. ಅಲಾಸ್ಕದಲ್ಲಿದ್ದ ವಿಲಿಯಂ ಆಲ್ಬೀ ಎಂಬ ಅಮೆರಿಕನ್, ಅಲ್ಲಿನ ಮೂಲನಿವಾಸಿಗಳು ಭಾರವಾದ ದೋಣಿಯನ್ನು ದಡಕ್ಕೆ ಎಳೆಯುವುದನ್ನು ಕಂಡರು. ಸೀಲ್ ಪ್ರಾಣಿಯ ಚರ್ಮದ ಚೀಲಗಳಿಗೆ ಗಾಳಿ ತುಂಬಿ, ಅವುಗಳ ಮೇಲೆ ದೋಣಿಯನ್ನು ಉರುಳಿಸುತ್ತಿದ್ದರು. ಚೀಲ ಮೆತ್ತಗಿದ್ದುದರಿಂದ ಕಲ್ಲಿನ ಮೇಲೂ ಹರಿಯುತ್ತಿರಲಿಲ್ಲ, ಮರಳಿನಲ್ಲೂ ಹೂತುಕೊಳ್ಳುತ್ತಿರಲಿಲ್ಲ. ಇದನ್ನು ಕಂಡು 1950ರ ದಶಕದಲ್ಲಿ ಆಲ್ಬೀ 'ರೋಲಿಗಾನ್' ಎಂಬ ಅಗಲವಾದ, ಕಡಿಮೆ ಒತ್ತಡದ ಟೈರನ್ನು ರೂಪಿಸಿದರು.

ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಸುಮಾರು 30 ಪೌಂಡು. ಆರು ಗಾಲಿಯ ಗಾಡಿಯ ಟೈರಿನಲ್ಲಿ ಕೇವಲ 2-3 ಪೌಂಡು. ಟೈರಿನೊಳಗಿನ ಒತ್ತಡ ಕಡಿಮೆಯಾದಷ್ಟೂ ಅದು ನೆಲದ ಮೇಲೆ ಹೆಚ್ಚು ಅಗಲಕ್ಕೆ ಹರಡಿಕೊಳ್ಳುತ್ತದೆ, ನೆಲದ ಮೇಲೆ ಬೀಳುವ ಒತ್ತಡವೂ ಅಷ್ಟೇ ಕಡಿಮೆಯಾಗುತ್ತದೆ. ಗಾಡಿಗೆ ಬೇರೆ ಸ್ಪ್ರಿಂಗುಗಳಿಲ್ಲ, ಟೈರೇ ಸ್ಪ್ರಿಂಗು. ನೀರಿಗಿಳಿದಾಗ ಟೈರೇ ತೇಲುಚೀಲ. ಅದರ ಮೇಲಿನ ಗೀರುಗಳು ನೀರನ್ನು ಹಿಂದಕ್ಕೆ ತಳ್ಳುವುದರಿಂದ ಟೈರೇ ಹುಟ್ಟು ಕೂಡ. ವೇಗ ಮಾತ್ರ ನಾವು ನಡೆಯುವಷ್ಟೇ.

ಈ ಬಗೆಯ ಮೊದಲ ಗಾಡಿಯೆಂದು ಸಾಮಾನ್ಯವಾಗಿ ಹೇಳುವುದು 1960ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ಬಂದ 'ಜಿಗರ್' ಅನ್ನು. ನಂತರ ಅಮೆರಿಕದಲ್ಲಿ ಆಂಫಿಕ್ಯಾಟ್, ಟೆರಾ ಟೈಗರ್, ಆಟೆಕ್ಸ್, ಮ್ಯಾಕ್ಸ್ ಮುಂತಾದವು ಬಂದವು. ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ 1962ರಲ್ಲಿ ಗಿಯರ್ ತಯಾರಿಕೆಗೆಂದು ಆರಂಭವಾದ ಆಂಟೇರಿಯೊ ಡ್ರೈವ್ ಅಂಡ್ ಗಿಯರ್ ಕಂಪನಿ 1967ರಲ್ಲಿ 'ಆರ್ಗೊ' ಗಾಡಿಯನ್ನು ಹೊರತಂದಿತು. ಇವುಗಳಿಗೆ ಸ್ಟಿಯರಿಂಗ್ ಚಕ್ರವಾಗಲೀ ತಿರುಗುವ ಮುಂಗಾಲಿಯಾಗಲೀ ಇರಲಿಲ್ಲ. ಬುಲ್ಡೋಜರಿನಂತೆ ಒಂದು ಬದಿಯ ಗಾಲಿಗಳನ್ನು ತಡೆದು ಇನ್ನೊಂದು ಬದಿಯವನ್ನು ಓಡಿಸಿದರೆ ಗಾಡಿ ತಿರುಗುತ್ತಿತ್ತು. ಇದಕ್ಕೆಂದು ಎರಡು ಸನ್ನೆಗಳಿದ್ದವು. ಮಕ್ಕಳ ಟಿ.ವಿ. ಕಾರ್ಯಕ್ರಮಗಳಲ್ಲಿ, 'ಸ್ಪೇಸ್: 1999' ಎಂಬ ವಿಜ್ಞಾನ ಕಥಾ ಧಾರಾವಾಹಿಯಲ್ಲಿ ಚಂದ್ರನ ಮೇಲಿನ ಬಂಡಿಯಾಗಿಯೂ ಆಂಫಿಕ್ಯಾಟ್ ಕಾಣಿಸಿಕೊಂಡಿತು.

ಬೇರೆ ಗಾಡಿಗೆಂದು ಬಂದ ಎಂಜಿನ್

ಈ ಪುಟ್ಟ ಗಾಡಿಗಳನ್ನು ತಯಾರಿಸಿದ ಕಂಪನಿಗಳಲ್ಲಿ ಹೆಚ್ಚಿನವು ಎಂಜಿನ್ ತಯಾರಿಸುತ್ತಿರಲಿಲ್ಲ. ಅದೇ ಕಾಲಕ್ಕೆ ಉತ್ತರ ಅಮೆರಿಕದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಗಳ ಭರಾಟೆ ಶುರುವಾಗಿತ್ತು. 1971ರ ಸುಮಾರಿಗೆ ವರ್ಷಕ್ಕೆ ಐದು ಲಕ್ಷದಷ್ಟು ಸ್ನೋಮೊಬೈಲ್‌ಗಳು ಮಾರಾಟವಾಗುತ್ತಿದ್ದವು. ಅವುಗಳಿಗೆಂದು ಹಗುರವಾದ, ಅಗ್ಗವಾದ ಟೂ-ಸ್ಟ್ರೋಕ್ ಎಂಜಿನ್‌ಗಳು ಧಾರಾಳವಾಗಿ ಸಿಗುತ್ತಿದ್ದವು. ಆರು ಗಾಲಿಯ ಗಾಡಿಗಳ ತಯಾರಕರು ಅವನ್ನೇ ಕೊಂಡು ಹಾಕಿದರು. ಎಂಜಿನ್ನಿನ ಜೊತೆಗೆ ಬೆಲ್ಟಿನಿಂದ ನಡೆಯುವ ಸ್ವಯಂಚಾಲಿತ ಕ್ಲಚ್ಚೂ ಅಲ್ಲಿಂದಲೇ ಬಂತು.

ಟೂ-ಸ್ಟ್ರೋಕ್ ಎಂಜಿನ್ ನಮಗೇನೂ ಹೊಸದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಿ ಇದ್ದದ್ದು ಅದೇ. ಪಿಸ್ಟನ್ನಿನ ಪ್ರತಿ ಎರಡು ಚಲನೆಗೆ ಒಂದು ಬಾರಿ ಇಂಧನ ಉರಿಯುತ್ತದೆ. ಕವಾಟಗಳಿಲ್ಲ, ಎಣ್ಣೆಯ ತೊಟ್ಟಿಯಿಲ್ಲ, ಪೆಟ್ರೋಲಿನ ಜೊತೆಯಲ್ಲೇ ಎಣ್ಣೆಯನ್ನು ಬೆರೆಸುತ್ತಾರೆ. ಹಾಗಾಗಿ ಗಾಡಿ ಎಷ್ಟೇ ಓರೆಯಾದರೂ ಎಂಜಿನ್ನಿನ ಒಳಭಾಗಗಳಿಗೆ ಎಣ್ಣೆ ತಲುಪುತ್ತದೆ. ಗುಡ್ಡ ಹತ್ತುವ ಗಾಡಿಗೆ ಇದು ದೊಡ್ಡ ಅನುಕೂಲ.

ಆ ಎಂಜಿನ್‌ಗಳಲ್ಲಿ ಹೆಸರಾದ ಒಂದು, ಜರ್ಮನಿಯ ಪಿನ್ನೆಬರ್ಗ್ ಪಟ್ಟಣದ 'ಇಲೊ' ಕಾರ್ಖಾನೆಯದು. 1911ರಲ್ಲಿ ಆರಂಭವಾದ ಈ ಕಾರ್ಖಾನೆಯ ಹೆಸರು ಎಸ್ಪೆರಾಂಟೊ ಭಾಷೆಯಿಂದ ಬಂದದ್ದು. ಆ ಭಾಷೆಯಲ್ಲಿ ಇಲೊ ಎಂದರೆ ಉಪಕರಣ. ನಂತರ ಅಮೆರಿಕದ ರಾಕ್‌ವೆಲ್ ಕಂಪನಿಯ ಕೈಸೇರಿದ ಈ ಕಾರ್ಖಾನೆಯ ಎಂಜಿನ್‌ಗಳು ಹಲವು ಸ್ನೋಮೊಬೈಲ್‌ಗಳನ್ನೂ ಆರು ಗಾಲಿಯ ಗಾಡಿಗಳನ್ನೂ ಓಡಿಸಿದವು.

ಎಂಜಿನ್ನನ್ನು ಹೊರಗಿನಿಂದ ತಂದದ್ದರಿಂದ ಗಾಡಿ ಅಗ್ಗವಾಯಿತು, ಬೇಗ ಮಾರುಕಟ್ಟೆಗೆ ಬಂತು. ಆದರೆ ಅದರ ಹಣೆಬರಹ ಸ್ನೋಮೊಬೈಲ್ ಉದ್ಯಮದ ಹಣೆಬರಹಕ್ಕೆ ಗಂಟುಬಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಮೋಜಿನ ವಾಹನಗಳ ಮಾರಾಟ ಕುಸಿಯಿತು. ಸ್ನೋಮೊಬೈಲ್ ಕಂಪನಿಗಳೂ ಆರು ಗಾಲಿಯ ಗಾಡಿಗಳ ಕಂಪನಿಗಳೂ ಒಂದರ ಹಿಂದೊಂದು ಮುಚ್ಚಿದವು. ಇನ್ನೊಂದು ಕಡೆಯಿಂದ ಹೊಸ ಸ್ಪರ್ಧಿಯೂ ಬಂದಿತ್ತು. ಹೋಂಡಾ ಕಂಪನಿಯ ಎಂಜಿನಿಯರ್ ಒಸಾಮು ಟಾಕೆಯುಚಿ ಅವರ ತಂಡ ಆಂಫಿಕ್ಯಾಟಿನ ಮೆತ್ತನೆಯ ಟೈರನ್ನು ಗಮನಿಸಿ, ಅದೇ ತತ್ತ್ವದ ಟೈರುಗಳಿಂದ ಮೂರು ಗಾಲಿಯ ಗಾಡಿಯೊಂದನ್ನು ರೂಪಿಸಿತು. 1970ರಲ್ಲಿ ಅದು ಅಮೆರಿಕದ ಮಾರುಕಟ್ಟೆಗೆ ಬಂತು. ಬೈಕಿನಂತೆ ಕುಳಿತು ಓಡಿಸುವ ಅದು ನೀರಿನಲ್ಲಿ ತೇಲುತ್ತಿರಲಿಲ್ಲ, ಆದರೆ ಜನರನ್ನು ಸೆಳೆಯಿತು. ಕಾಲಕ್ರಮೇಣ 'ಎ.ಟಿ.ವಿ.' ಎಂಬ ಹೆಸರೇ ಅದರ ವಂಶದ ಪಾಲಾಯಿತು.

ಇಲೊ ಕಾರ್ಖಾನೆ 1990ರಲ್ಲಿ ಮುಚ್ಚಿತು. ಅದರ ಎಂಜಿನ್ ಹೊತ್ತ ಹಳೆಯ ಗಾಡಿಗಳು ಅನಾಥವಾದವು. ಹಳೆಯ ಯೆಜ್ಡಿಯ ಬಿಡಿಭಾಗಕ್ಕಾಗಿ ಗುಜರಿ ಅಂಗಡಿಗಳನ್ನು ಸುತ್ತಿದವರಿಗೆ ಈ ಪಾಡು ಅರ್ಥವಾದೀತು.

ಫೋರ್-ಸ್ಟ್ರೋಕ್‌ನ ಆಗಮನ

ಅಷ್ಟರಲ್ಲಿ ಸಣ್ಣ ಎಂಜಿನ್‌ಗಳ ಲೋಕವೇ ಬದಲಾಗಿತ್ತು. ಹೋಂಡಾ 1983ರಲ್ಲಿ ಜಿ.ಎಕ್ಸ್. ಸರಣಿಯ ಫೋರ್-ಸ್ಟ್ರೋಕ್ ಎಂಜಿನ್‌ಗಳನ್ನು ತಂದಿತು. ನಂತರ ಬ್ರಿಗ್ಸ್ ಅಂಡ್ ಸ್ಟ್ರಾಟನ್, ಕೋಲರ್ ಕಂಪನಿಗಳು ಎರಡು ಸಿಲಿಂಡರಿನ, 'ವಿ' ಆಕಾರದ ಎಂಜಿನ್‌ಗಳನ್ನು ತಯಾರಿಸಿದವು. ಹುಲ್ಲು ಕತ್ತರಿಸುವ ಯಂತ್ರ, ಜನರೇಟರ್, ಪಂಪ್‌ಗಳಿಗಾಗಿ ಬಂದವು ಇವು. ಅಮೆರಿಕದಲ್ಲಿ ಸಣ್ಣ ಎಂಜಿನ್‌ಗಳ ಹೊಗೆಗೆ 1997ರ ಮಾದರಿಗಳಿಂದ ಮಿತಿ ಜಾರಿಗೆ ಬಂದ ಮೇಲೆ, ಎಣ್ಣೆಯನ್ನೂ ಸುಡುವ ಟೂ-ಸ್ಟ್ರೋಕ್ ಇನ್ನಷ್ಟು ಹಿಂದೆ ಸರಿಯಿತು. ಇಂದು ಹಳೆಯ ಗಾಡಿಗೆ ಎಂಜಿನ್ ಬದಲಿಸುವವರ ಕೈಗೆ ಸುಲಭವಾಗಿ ಸಿಗುವುದು ಇಂಥ ಫೋರ್-ಸ್ಟ್ರೋಕ್ ಎಂಜಿನ್ನೇ. ಇಲ್ಲಿಂದ ಮುಂದೆ ಲೆಕ್ಕಾಚಾರ ಬೇಕಾಗುತ್ತದೆ.

ಮೊದಲ ಪ್ರಶ್ನೆ: ಶಾಫ್ಟು ಹೊಂದುತ್ತದೆಯೇ?

ಸ್ನೋಮೊಬೈಲ್ ಎಂಜಿನ್ನಿನ ಶಾಫ್ಟಿನ ತುದಿ ಟೇಪರ್ ಆಗಿರುತ್ತದೆ, ಅಂದರೆ ಕ್ಯಾರೆಟ್ಟಿನಂತೆ ಮೊನೆಯ ಕಡೆಗೆ ಸಣ್ಣದಾಗುತ್ತದೆ. ಕ್ಲಚ್ಚು ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ಕೈಗಾರಿಕಾ ಎಂಜಿನ್ನಿನ ಶಾಫ್ಟು ನೇರ ಉರುಳೆ. ಸಾಮಾನ್ಯ ವ್ಯಾಸ ಒಂದು ಅಂಗುಲ, ಅಂದರೆ 25.4 ಮಿ.ಮೀ. ಜಾರದಂತೆ ತಡೆಯಲು ಕಾಲು ಅಂಗುಲದ ಕೀ. ಹಾಗಾಗಿ ಹಳೆಯ ಕ್ಲಚ್ಚು ಹೊಸ ಎಂಜಿನ್ನಿಗೆ ಕೂರುವುದಿಲ್ಲ.

ಒಂದು ಸಮಾಧಾನವಿದೆ. ಸಣ್ಣ ಎಂಜಿನ್‌ಗಳ ಶಾಫ್ಟಿನ ಅಳತೆ, ಬೋಲ್ಟು ತೂತುಗಳ ನಡುವಿನ ಅಂತರ ಇವುಗಳಿಗೆ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಮಾನಕವನ್ನು ನಿಗದಿಪಡಿಸಿದೆ. ಒಮ್ಮೆ ಆ ಅಳತೆಗೆ ತಕ್ಕ ಕ್ಲಚ್ಚನ್ನೂ ಎಂಜಿನ್ ಕೂರುವ ತಗಡನ್ನೂ ಮಾಡಿಸಿಕೊಂಡರೆ, ಮುಂದೆ ಯಾವ ಕಂಪನಿ ಮುಚ್ಚಿದರೂ ಇನ್ನೊಂದರ ಎಂಜಿನ್ ಅಲ್ಲಿ ಕೂರಬಲ್ಲದು. ಗಾಡಿ ಮತ್ತೆ ಅನಾಥವಾಗದಂತೆ ಕಾಯುವುದು ಈ ಮಾನಕವೇ.

ಎರಡನೆಯ ಪ್ರಶ್ನೆ: ಎಷ್ಟು ವೇಗದಲ್ಲಿ ತಿರುಗುತ್ತದೆ?

ಹಳೆಯ ಟೂ-ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 6000 ಸುತ್ತಿನಲ್ಲಿ 20 ಅಶ್ವಶಕ್ತಿ ಕೊಡುತ್ತಿತ್ತು ಎಂದಿಟ್ಟುಕೊಳ್ಳಿ. ಹೊಸ ಎಂಜಿನ್ 3600 ಸುತ್ತಿನಲ್ಲಿ 18 ಅಶ್ವಶಕ್ತಿ ಕೊಡುತ್ತದೆ. ಅದಕ್ಕಿಂತ ಹೆಚ್ಚು ತಿರುಗದಂತೆ ಗವರ್ನರ್ ತಡೆಯುತ್ತದೆ. ಶಕ್ತಿಯನ್ನು ತಿರುಗುವ ವೇಗದಿಂದ ಭಾಗಿಸಿದರೆ ತಿರುಗುಬಲ ಸಿಗುತ್ತದೆ. ಹಳೆಯದರದು ಸುಮಾರು 24 ನ್ಯೂಟನ್ ಮೀಟರ್, ಹೊಸದರದು ಸುಮಾರು 36. ಅಶ್ವಶಕ್ತಿ ಕಡಿಮೆಯಾದರೂ ತಿರುಗುಬಲ ಒಂದೂವರೆ ಪಟ್ಟು!

ಆದರೆ ಇದರ ಲಾಭ ತಾನಾಗಿಯೇ ಸಿಗುವುದಿಲ್ಲ. ಗಿಯರಿಲ್ಲದ ಸ್ಕೂಟರಿನಲ್ಲಿ ಇರುವಂಥದೇ ವ್ಯವಸ್ಥೆ ಈ ಗಾಡಿಯಲ್ಲೂ ಇದೆ. ಎರಡು ತಟ್ಟೆಗಳ ನಡುವೆ ಬೆಲ್ಟು ಓಡುತ್ತದೆ. ಎಂಜಿನ್ ಜೋರಾಗಿ ತಿರುಗಿದಾಗ ಸಣ್ಣ ತೂಕದ ಬಿಲ್ಲೆಗಳು ಹೊರಕ್ಕೆ ಸಿಡಿಯಲು ನೋಡಿ, ಸ್ಪ್ರಿಂಗನ್ನು ಮಣಿಸಿ, ತಟ್ಟೆಗಳನ್ನು ಹತ್ತಿರ ತರುತ್ತವೆ. ಆಗ ಬೆಲ್ಟು ಹಿಡಿದುಕೊಳ್ಳುತ್ತದೆ. ಹೊರಕ್ಕೆ ಸಿಡಿಯುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 6000ದ ಬದಲು 3600 ಸುತ್ತಾದರೆ ವೇಗ 0.6ರಷ್ಟು, ಬಲ ಅದರ ವರ್ಗ, ಅಂದರೆ 0.36ರಷ್ಟು ಮಾತ್ರ. ಹಳೆಯ ಬಿಲ್ಲೆ, ಹಳೆಯ ಸ್ಪ್ರಿಂಗುಗಳನ್ನೇ ಬಿಟ್ಟರೆ ಕ್ಲಚ್ಚು ಪೂರ್ತಿ ಹಿಡಿಯುವುದೇ ಇಲ್ಲ. ಬೆಲ್ಟು ಜಾರಿ, ಕಾದು, ಸುಟ್ಟುಹೋಗುತ್ತದೆ. ಬಿಲ್ಲೆಯ ತೂಕವನ್ನು ಸುಮಾರು 2.8 ಪಟ್ಟು ಹೆಚ್ಚಿಸಬೇಕು, ಇಲ್ಲವೇ ಸ್ಪ್ರಿಂಗನ್ನು ಮೆದು ಮಾಡಬೇಕು. ಸಾಮಾನ್ಯವಾಗಿ ಎರಡನ್ನೂ ಸ್ವಲ್ಪ ಸ್ವಲ್ಪ ಬದಲಿಸುತ್ತಾರೆ.

ಇಷ್ಟಾದರೂ ಮುಗಿಯಲಿಲ್ಲ. ಎಂಜಿನ್ನಿನ ಸುತ್ತು 0.6ಕ್ಕೆ ಇಳಿದರೆ ಗಾಡಿಯ ಗರಿಷ್ಠ ವೇಗವೂ ಇಳಿಯುತ್ತದೆ. ಗಂಟೆಗೆ 50 ಕಿ.ಮೀ. ಓಡುತ್ತಿದ್ದದ್ದು 30ಕ್ಕೆ ನಿಲ್ಲುತ್ತದೆ. ನೀರಿನಲ್ಲಿ ಟೈರು ನಿಧಾನವಾಗಿ ತಿರುಗಿ ಗಾಡಿ ಇನ್ನಷ್ಟು ತೆವಳುತ್ತದೆ. ಇದನ್ನು ಸರಿಪಡಿಸಲು ಚಾಲಕ ಸ್ಪ್ರಾಕೆಟ್ಟಿನ ಹಲ್ಲುಗಳನ್ನು 12 ಇದ್ದರೆ 20ಕ್ಕೆ ಏರಿಸಬೇಕು. ಆಗ ಗಾಲಿಯ ವೇಗ ಮೊದಲಿನಂತಾಗುತ್ತದೆ, ಹೆಚ್ಚುವರಿ ತಿರುಗುಬಲ ಮಾತ್ರ ಅಲ್ಲಿಗೆ ಖರ್ಚಾಗುತ್ತದೆ. 36 ನ್ಯೂಟನ್ ಮೀಟರನ್ನು 0.6ರಿಂದ ಗುಣಿಸಿ ನೋಡಿ. 21.6 ಬಂತಲ್ಲವೇ? ಅದು ಹಳೆಯ 24ರ ಹತ್ತನೇ ಒಂಬತ್ತು ಭಾಗ. ಅಶ್ವಶಕ್ತಿಯ ಅನುಪಾತವೂ 20ಕ್ಕೆ 18, ಅಂದರೆ ಅಷ್ಟೇ. ಗುಡ್ಡ ಹತ್ತುವುದು ಮುಖ್ಯವೋ ವೇಗ ಮುಖ್ಯವೋ ಎಂಬುದನ್ನು ಮಾಲೀಕ ತೀರ್ಮಾನಿಸಬೇಕು. ಎರಡೂ ಒಟ್ಟಿಗೆ ಸಿಗವು.

ಮೂರನೆಯ ಪ್ರಶ್ನೆ: ತೂಕ ಎಲ್ಲಿ ಬೀಳುತ್ತದೆ?

ಎರಡು ಸಿಲಿಂಡರಿನ ಫೋರ್-ಸ್ಟ್ರೋಕ್ ಎಂಜಿನ್ ಹಳೆಯದಕ್ಕಿಂತ ಭಾರ. 15 ಕಿ.ಗ್ರಾಂ ಹೆಚ್ಚಾಯಿತು ಎನ್ನೋಣ. ಆರ್ಕಿಮಿಡೀಸನ ತತ್ತ್ವದಂತೆ ಗಾಡಿ 15 ಲೀಟರು ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸಬೇಕು. 2 ಮೀಟರು ಉದ್ದ, 1.25 ಮೀಟರು ಅಗಲದ ತೊಟ್ಟಿಯಾದರೆ ಅದು 6 ಮಿ.ಮೀ. ಹೆಚ್ಚು ಮುಳುಗುತ್ತದೆ. ಇದೇನು ಮಹಾ ಎನ್ನಿಸಬಹುದು. ಆದರೆ ಆ ತೂಕ ತೊಟ್ಟಿಯ ನಡುವೆ ಇಲ್ಲ. ಕೆಲವು ಮಾದರಿಗಳಲ್ಲಿ ಎಂಜಿನ್ ಸೀಟಿನ ಹಿಂದಿದೆ, ಕೆಲವುದರಲ್ಲಿ ಮುಂದಿದೆ. ನಡುವಿನಿಂದ 70 ಸೆಂ.ಮೀ. ಹಿಂದಕ್ಕೆ ಇದ್ದರೆ ತೊಟ್ಟಿ ಓರೆಯಾಗಿ, ಹಿಂದಿನ ಅಂಚು ಸುಮಾರು 2 ಸೆಂ.ಮೀ. ಕೆಳಗಿಳಿಯುತ್ತದೆ. ಅಂದರೆ ಮೂರು ಪಟ್ಟು! ಹಿಂದಿನ ಸೀಟಿನಲ್ಲಿ ಒಬ್ಬರು ಕುಳಿತು, ಒಂದು ಅಲೆಯೂ ಬಂದರೆ, ಅಂಚಿಗೂ ನೀರಿಗೂ ಉಳಿಯುವ ಅಂತರ ಬೇಗ ಕರಗುತ್ತದೆ. ಬ್ಯಾಟರಿಯನ್ನೋ ಪೆಟ್ರೋಲ್ ಟ್ಯಾಂಕನ್ನೋ ಎದುರು ತುದಿಗೆ ಸರಿಸಿ ಈ ಓರೆಯನ್ನು ಸರಿದೂಗಿಸುತ್ತಾರೆ.

ಇನ್ನೊಂದು ಓರೆಯೂ ಇದೆ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ತಳದ ತೊಟ್ಟಿಯಲ್ಲಿರುತ್ತದೆ. ಕಡಿದಾದ ಏರಿನಲ್ಲಿ ಅದು ಒಂದು ಮೂಲೆಗೆ ಸರಿದರೆ ಭಾಗಗಳು ಒಣಗಿ ಸವೆಯುತ್ತವೆ. ಆದ್ದರಿಂದ ಪಂಪಿನಿಂದ ಎಣ್ಣೆ ಹರಿಸುವ, ಎಷ್ಟು ಓರೆಯವರೆಗೆ ಓಡಬಹುದೆಂದು ತಯಾರಕರು ನಮೂದಿಸಿರುವ ಎಂಜಿನ್ನನ್ನೇ ಆರಿಸಬೇಕು.

ನಾಲ್ಕನೆಯ ಪ್ರಶ್ನೆ: ಎಂಜಿನ್ ಉಸಿರಾಡುವುದು ಎಲ್ಲಿಂದ?

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ದೋಣಿಗೆ ತೂತು ಇರಬಾರದು. ಎಂಜಿನ್ನಿಗೆ ತೂತು ಬೇಕೇ ಬೇಕು. ಗಾಳಿ ಒಳಬರಲು ಒಂದು, ಬಿಸಿಗಾಳಿ ಹೊರಹೋಗಲು ಒಂದು, ಹೊಗೆಗೆ ಒಂದು, ಗಾಲಿಗೆ ಶಕ್ತಿ ಒಯ್ಯುವ ಶಾಫ್ಟುಗಳಿಗೆ ಇನ್ನಷ್ಟು. ಉಭಯಚರ ವಾಹನದ ವಿನ್ಯಾಸವೆಂದರೆ ಈ ವಿರೋಧಾಭಾಸದ ನಡುವಿನ ರಾಜಿ. ಎಂಜಿನ್ ಬದಲಿಸುವವರು ತೂತುಗಳ ಜಾಗವನ್ನೂ ಗಾತ್ರವನ್ನೂ ಬದಲಿಸುತ್ತಾರೆ. ಆ ರಾಜಿಗೆ ಕೈಹಾಕಿದಂತೆ.

ಯುದ್ಧಾನಂತರ ಪ್ರವಾಸಿಗಳನ್ನು ಒಯ್ಯಲು ಬಳಕೆಯಾದ ಡಕ್ ಲಾರಿಗಳು ಇದಕ್ಕೆ ದುಃಖದ ಸಾಕ್ಷಿ ಒದಗಿಸುತ್ತವೆ. 1999ರ ಮೇ 1ರಂದು ಅಮೆರಿಕದ ಅರ್ಕನ್ಸಾ ರಾಜ್ಯದ ಹ್ಯಾಮಿಲ್ಟನ್ ಸರೋವರದಲ್ಲಿ, 1944ರಲ್ಲಿ ತಯಾರಾದ ಇಂಥ ಒಂದು ಲಾರಿ ಮುಳುಗಿತು. ಅದರಲ್ಲಿದ್ದ 21 ಜನರಲ್ಲಿ 13 ಮಂದಿ ತೀರಿಕೊಂಡರು. ಶಾಫ್ಟು ಹೊರಬರುವಲ್ಲಿನ ರಬ್ಬರ್ ಕವಚ ಕಳಚಿಕೊಂಡು ನೀರು ನುಗ್ಗಿತ್ತು. 2018ರ ಜುಲೈ 19ರಂದು ಮಿಸೌರಿ ರಾಜ್ಯದ ಟೇಬಲ್ ರಾಕ್ ಸರೋವರದಲ್ಲಿ ಬಿರುಗಾಳಿಗೆ ಸಿಕ್ಕ ಇನ್ನೊಂದು ಲಾರಿ ಮುಳುಗಿ, 31 ಜನರಲ್ಲಿ 17 ಮಂದಿ ಸತ್ತರು. ಅಲ್ಲಿ ಅಲೆಯ ನೀರು ನುಗ್ಗಿದ್ದು ಮೂತಿಯಲ್ಲಿದ್ದ ಗಾಳಿಕಿಂಡಿಯ ಮೂಲಕ. ಬಿರುಗಾಳಿಯ ಎಚ್ಚರಿಕೆ ಬಂದ ಮೇಲೂ ನೀರಿಗಿಳಿದದ್ದು, ನೀರು ತುಂಬಿದ ಮೇಲೂ ತೇಲಿಸಬಲ್ಲ ಹೆಚ್ಚುವರಿ ತೇಲುಬಲ ಇಲ್ಲದಿದ್ದದ್ದು ತನಿಖೆಯಲ್ಲಿ ಹೊರಬಂತು. ಎಂಜಿನ್ ಬದಲಿಸಿದ್ದು ಈ ಎರಡು ಅವಘಡಗಳ ಕಾರಣವಲ್ಲ. ಆದರೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಇವು ತೋರಿಸಿಕೊಟ್ಟವು. ಒಂದರಲ್ಲಿ ಶಾಫ್ಟಿನ ತೂತು, ಇನ್ನೊಂದರಲ್ಲಿ ಗಾಳಿಯ ತೂತು.

ಪುಟ್ಟ ಗಾಡಿಯಲ್ಲಿ ಇನ್ನೊಂದು ಅಪಾಯ ಒಳಗೇ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಸಾಮಾನ್ಯ ಬೈಕಿನಲ್ಲಿ ಸೋರಿದರೆ ಅದು ಚದುರಿಹೋಗುತ್ತದೆ. ನೀರು ಒಳಬರದ ತೊಟ್ಟಿಯಿಂದ ಆವಿಯೂ ಹೊರಹೋಗದು. ಅದು ತಳದಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ. ಹಾಗಾಗಿ ಪೆಟ್ರೋಲ್ ಕೊಳವೆಗಳನ್ನು ಹೊಸದಾಗಿ ಹಾಕುವುದು, ಹೊಗೆಯ ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಮತ್ತು ಕೂರುವವರಿಂದ ದೂರಕ್ಕೆ ಒಯ್ಯುವುದು, ಬಿಸಿಗಾಳಿಗೆ ಪ್ರತ್ಯೇಕ ದಾರಿ ಮಾಡುವುದು, ತಳದ ನೀರೆತ್ತುವ ಪಂಪು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಇವೆಲ್ಲ ಎಂಜಿನ್ ಬದಲಾವಣೆಯ ಭಾಗಗಳೇ. ಕೆಲಸ ಮುಗಿದ ಮೇಲೆ ಮೊದಲ ಪರೀಕ್ಷೆಯನ್ನು ಸೊಂಟದಷ್ಟು ಆಳದ ನಿಂತ ನೀರಿನಲ್ಲಿ, ತೇಲುಜಾಕೀಟು ತೊಟ್ಟು ಮಾಡುವುದು ಕ್ಷೇಮ.

ಕೊನೆಯದಾಗಿ

ಈಗ ಕೆಲವರು ಪೆಟ್ರೋಲ್ ಎಂಜಿನ್ನಿನ ಬದಲು ವಿದ್ಯುತ್ ಮೋಟರನ್ನೇ ಕೂರಿಸುತ್ತಿದ್ದಾರೆ. ಆರ್ಗೊ ತಯಾರಿಸಿದ ಕಂಪನಿಯೇ ಕೆನಡಾದ ಬಾಹ್ಯಾಕಾಶ ಸಂಸ್ಥೆಗಾಗಿ 'ಜೂನೊ' ಎಂಬ ಪ್ರಾಯೋಗಿಕ ರೋವರಿನ ನಿರ್ಮಾಣದಲ್ಲಿ ಪಾಲ್ಗೊಂಡಿದೆ. ಮೋಟರಿಗೆ ಉಸಿರಾಡುವ ತೂತು ಬೇಡ, ಪೆಟ್ರೋಲಿನ ಆವಿಯ ಭಯವಿಲ್ಲ. ಆದರೆ ಬ್ಯಾಟರಿಯ ತೂಕ ಎಲ್ಲಿ ಬೀಳಬೇಕು, ಮೋಟರಿನ ವೇಗಕ್ಕೆ ಯಾವ ಸ್ಪ್ರಾಕೆಟ್ ಬೇಕು, ಶಾಫ್ಟಿನ ಅಳತೆ ಯಾವುದು ಎಂಬ ಪ್ರಶ್ನೆಗಳು ಹಾಗೇ ಇವೆ.

ನೀವು ಯಾವುದಾದರೂ ಹಳೆಯ ಯಂತ್ರಕ್ಕೆ, ಅದು ಪಂಪ್‌ಸೆಟ್ ಆಗಿರಲಿ ಟಿಲ್ಲರ್ ಆಗಿರಲಿ, ಹೊಸ ಎಂಜಿನ್ ಹಾಕಿಸುವಾಗ ಅಶ್ವಶಕ್ತಿಯನ್ನು ಕೊನೆಗೆ ಕೇಳಿ. ಶಾಫ್ಟಿನ ಅಳತೆ, ಸುತ್ತಿನ ವೇಗ, ತೂಕ ಮತ್ತು ಅದು ಬೀಳುವ ಜಾಗ, ಗಾಳಿ ಮತ್ತು ಹೊಗೆಯ ದಾರಿ ಈ ನಾಲ್ಕನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಅಂಗಡಿಯವರಿಗೂ ಮೆಕ್ಯಾನಿಕ್ಕಿಗೂ ಅದೇ ಹಾಳೆಯನ್ನು ತೋರಿಸಿ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.